ಅರ್ಧಕ್ಕೆ ನಿಂತ ಚಿಕಿತ್ಸೆ

2021ರಲ್ಲಿ ಕೋವಿಡ್ಡಿನ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಸಕ್ಕರೆ ಕಾಯಿಲೆಯವರನ್ನು ಅದು ಹೆಚ್ಚಾಗಿ ಹಿಡಿಯಿತು. ಎಷ್ಟೋ ಜನರ ಮೇಲ್ದವಡೆಯನ್ನೇ ಕತ್ತರಿಸಿ ತೆಗೆದು ವೈದ್ಯರು ಜೀವ ಉಳಿಸಿದರು. ಕ್ಯಾನ್ಸರಿನಲ್ಲಿಯೂ ಇದೇ ಚಿಕಿತ್ಸೆ ಉಂಟು. ಆ ವೈದ್ಯರಿಗೆ ನಮ್ಮ ನಮಸ್ಕಾರ.

ಆದರೆ ಮನೆಗೆ ಬಂದ ರೋಗಿಯ ಪಾಡೇನು? ಅಂಗುಳಿನಲ್ಲಿ ತೂತು ಉಳಿದರೆ ಕುಡಿದ ಗಂಜಿ ಮೂಗಿನಿಂದ ಇಳಿಯುತ್ತದೆ. ಆಡಿದ ಮಾತು ಹೆಂಡತಿ ಮಕ್ಕಳಿಗೂ ತಿಳಿಯದು. ಅಂಗಡಿಯವನು ಗಿರಾಕಿಗೆ ಬೆಲೆ ಹೇಳುವುದೆಂತು? ಗಿರಣಿಯ ಗದ್ದಲದಲ್ಲಿ ಕಾರ್ಮಿಕನು ಜೊತೆಗಾರನನ್ನು ಕೂಗುವುದೆಂತು?

ಈ ತೂತನ್ನು ಮುಚ್ಚುವ ಕೃತಕ ಅಂಗುಳು ಹೊಸದೇನಲ್ಲ. 16ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರುವಾಸ್ ಪಾರೆ ಅದನ್ನು ವಿವರಿಸಿದ್ದನು. ಈಗ ಕಟ್ಟಿಸಿದ ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್ಕಿನಿಂದಲೇ ಮಾಡುತ್ತಾರೆ. ತೊಡಕಿರುವುದು ತೂಕದಲ್ಲಿ. ತೂತು ದೊಡ್ಡದಾದಷ್ಟೂ ಅದರೊಳಗೆ ಕೂರುವ ಗಡ್ಡೆಯೂ ದೊಡ್ಡದು. ಗಟ್ಟಿ ಗಡ್ಡೆ ಭಾರದಿಂದ ಕೆಳಕ್ಕೆ ಜಗ್ಗುತ್ತದೆ. ಆಸರೆ ಕೊಟ್ಟ ಉಳಿದ ಹಲ್ಲುಗಳೂ ಸಡಿಲವಾಗುತ್ತವೆ. ಸಂದಿಬಿಟ್ಟು ನೀರು ಮತ್ತೆ ಮೂಗಿಗೆ ಹೋಗುತ್ತದೆ.

ಆದ್ದರಿಂದ ಗಡ್ಡೆ ಟೊಳ್ಳಾಗಿರಬೇಕು. ಅದಕ್ಕೆ ಬೇಕಾದ ಸರಕು ಯಾವುದು ಬಲ್ಲಿರಾ? ಅಡಿಗೆಯ ಉಪ್ಪು! ಅಕ್ರಿಲಿಕ್ ಹಿಟ್ಟಿನ ನಡುವೆ ಉಪ್ಪು ತುಂಬಿ ಅಚ್ಚಿನಲ್ಲಿ ಬೇಯಿಸುತ್ತಾರೆ. ಗಟ್ಟಿಯಾದ ಮೇಲೆ ಸಣ್ಣ ರಂಧ್ರ ಕೊರೆದು, ನೀರು ಹಾಯಿಸಿ, ಉಪ್ಪನ್ನು ಕರಗಿಸಿ ತೆಗೆದು, ರಂಧ್ರವನ್ನು ಭದ್ರವಾಗಿ ಮುಚ್ಚುತ್ತಾರೆ. ಇದಕ್ಕೆ ವಿದೇಶದ ಯಂತ್ರವೇನೂ ಬೇಡ. ಪಳಗಿದ ಕೈ ಬೇಕು, ಆ ಕೈಗೆ ಸಂಬಳ ಕೊಡುವ ಸರ್ಕಾರ ಬೇಕು.

ಒಮ್ಮೆ ಕೊಟ್ಟರೆ ಮುಗಿಯುವ ಕೆಲಸವೂ ಇದಲ್ಲ. ಗಾಯ ಮಾಗುತ್ತ ತೂತಿನ ಆಕಾರ ಬದಲಾಗುತ್ತದೆ. ಅಂಗುಳನ್ನು ಮತ್ತೆ ಮತ್ತೆ ಸರಿಪಡಿಸಬೇಕು. ಪ್ರತಿ ಸಲವೂ ಬಡವನು ದೂರದ ದೊಡ್ಡ ಊರಿಗೆ ಓಡಿದರೆ ಬಸ್ಸಿನ ಖರ್ಚು ಒಂದು, ಕಳೆದುಹೋದ ಕೂಲಿ ಇನ್ನೊಂದು. ಬೇಸತ್ತವನು ಹತ್ತಿ ತುರುಕಿಕೊಂಡು ಮನೆಯ ಮೂಲೆ ಹಿಡಿಯುತ್ತಾನೆ.

ನಮ್ಮ ಬೇಡಿಕೆ ಇಷ್ಟೆ: ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಈ ಕೆಲಸ ಬಲ್ಲ ದಂತವೈದ್ಯರೂ ಕುಶಲಕರ್ಮಿಯೂ ಇರಲಿ. ಹಗುರ ಅಂಗುಳನ್ನು ಶಸ್ತ್ರಚಿಕಿತ್ಸೆಯ ಭಾಗವೆಂದೇ ಎಣಿಸಿ ಉಚಿತವಾಗಿ ಕೊಡಲಿ. ಇ.ಎಸ್.ಐ.ಗೆಂದು ಕಾರ್ಮಿಕನ ಕೂಲಿಯಿಂದ ವಂತಿಗೆ ಹಿಡಿಯುವವರಿಗೆ ಇದು ಭಾರವಾಗಬಾರದು. ನಾವು ಕೇಳುತ್ತಿರುವುದು ದಾನವನ್ನಲ್ಲ. ದುಡಿಯುವವನು ತನ್ನ ಅನ್ನವನ್ನು ತಾನೇ ನುಂಗಿ, ತನ್ನ ಮಾತನ್ನು ತಾನೇ ಆಡುವ ಹಕ್ಕನ್ನು.