ಮಂಡಿಯೂರುವ ಮುನ್ನ...

ಲಾಲ್‌ಬಾಗಿನಲ್ಲಿ ಓಡುವ ಹುಚ್ಚು ಹತ್ತಿದ್ದು 45ಕ್ಕೆ, ಮಂಡಿ ಮುನಿಸಿಕೊಂಡಿದ್ದು 46ಕ್ಕೆ :-) ಬಿದ್ದಿರಲಿಲ್ಲ, ಉಳುಕಿರಲಿಲ್ಲ, ಸುಮ್ಮನೆ ನೋವು. ಎಂಆರ್‌ಐ ನೋಡಿದ ಡಾಕ್ಟರು, "ಮೆನಿಸ್ಕಸ್ ಹರಿದಿದೆ, ಸಣ್ಣ ಸರ್ಜರಿ, ಮುಂದಿನ ವಾರವೇ ಮಾಡೋಣ" ಅಂದರು.

ನಾನು ಮೊದಲೇ ಪುಕ್ಕಲ. ಇನ್ನೊಬ್ಬರ ಹತ್ತಿರ ಹೋದೆ. ಅವರು ಹೇಳಿದ್ದು ಫಿನ್ಲೆಂಡಿನ ಕಥೆ. ನನ್ನ ಹಾಗೇ ಸವೆದು ಹರಿದ ಮೆನಿಸ್ಕಸ್ಸಿನ 146 ಜನ. ಕೆಲವರಿಗೆ ನಿಜವಾದ ಸರ್ಜರಿ, ಉಳಿದವರಿಗೆ ಒಳಗೆ ಇಣುಕಿ ನೋಡಿ, ಕತ್ತರಿಸಿದ ಹಾಗೆ ಬರೀ ನಟನೆ! ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಿಲ್ಲ. ವರ್ಷ ಕಳೆದ ಮೇಲೆ ಎರಡೂ ಗುಂಪಿನ ಮಂಡಿ ಹೆಚ್ಚುಕಡಿಮೆ ಒಂದೇ. ಇದು 2013ರಲ್ಲೇ ಪ್ರಕಟವಾಗಿದೆ.

ಮಂಡಿ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ, ಆಟದಲ್ಲಿ ತಿರುಚಿ ಹರಿದಿದ್ದರೆ ಮಾತು ಬೇರೆ. ನನಗೆ ಬರೆದುಕೊಟ್ಟಿದ್ದು ವ್ಯಾಯಾಮ. ಗೋಡೆಗೊರಗಿ ಅರ್ಧ ಕೂರೋದು, ಮೆಟ್ಟಿಲು ಹತ್ತಿಳಿಯೋದು, ತೊಡೆ ಗಟ್ಟಿಯಾಗುವ ತನಕ. ಮೂರು ತಿಂಗಳು, ಬೋರು ಅಂದ್ರೆ ಬೋರು. ಆಪರೇಷನ್ ಆಗಿದ್ದರೆ ನೆಂಟರು ಸೇಬು ಹಿಡಿದು ಬರುತ್ತಿದ್ದರು; ಗೋಡೆಗೊರಗಿ ಕೂತವನನ್ನು ಯಾರು ನೋಡೋಕೆ ಬರ್ತಾರೆ?

ನನಗೆ ಸಿಟ್ಟು ಬಂದಿದ್ದು ಇನ್ಶೂರೆನ್ಸ್ ವಿಷಯಕ್ಕೆ. ನನ್ನ ಪಾಲಿಸಿ ಕೊಯ್ಯಿಸಿಕೊಂಡರೆ ದುಡ್ಡು ಕೊಡುತ್ತಿತ್ತು, ಫಿಸಿಯೋಗೆ ಮಾತ್ರ ನಯಾಪೈಸೆ ಇಲ್ಲ. ಯಾವ ನ್ಯಾಯ ಸ್ವಾಮಿ ಇದು?

ಮೊನ್ನೆ ಲಾಲ್‌ಬಾಗಿನ ಬಂಡೆ ಹತ್ತಿದೆ. ಇಳಿಯುವಾಗ ಒಂಚೂರು ಚುರುಕ್ ಅಂತು, ಅಷ್ಟೇ. ನಿಮ್ಮ ಮಂಡಿ ಹೇಗಿದೆ?