ಹಬ್ಬದ ರಾತ್ರಿಗೆ ಬಾಟಲಿ ಬೇಡ, ಒಲೆ ಹಚ್ಚೋಣ



ಆಗಮನ ಕಾಲ ಬಂತೆಂದರೆ ನಮ್ಮ ಯುವಕೂಟದಲ್ಲಿ ಮೂರು ಲೆಕ್ಕ ಶುರುವಾಗುತ್ತವೆ. ಗೋದಲಿಗೆ ಎಷ್ಟು, ಕ್ಯಾರೊಲ್‌ಗೆ ಎಷ್ಟು, ಡಿಸೆಂಬರ್ 24ರ ರಾತ್ರಿ ಬಲಿಪೂಜೆ ಮುಗಿದ ಮೇಲೆ ಜನರಿಗೆ ಕುಡಿಯಲು ಕೊಡುವುದಕ್ಕೆ ಎಷ್ಟು. ಮೊದಲೆರಡರ ಬಗ್ಗೆ ನಮ್ಮ ತಕರಾರಿಲ್ಲ. ಮೂರನೆಯದರ ಬಗ್ಗೆ ಈ ಸಲ ಜಗಳ ಮಾಡಲೇಬೇಕು ಅನ್ನಿಸಿದೆ. ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕಳೆದ ವರ್ಷ ಕೂಲ್ ಡ್ರಿಂಕ್ಸ್ ಬಾಟಲಿ ತಂದವರು ನಾವೇ. ದಿಂಬಂ ಘಾಟಿಯ 27 ತಿರುವು ಹತ್ತಿ ಬಂದ ಬಾಟಲಿಗಳು. ತಾಳವಾಡಿಯ ಡಿಸೆಂಬರ್ ಚಳಿ ನಿಮಗೆಲ್ಲ ಗೊತ್ತು, ಮಾತಾಡಿದರೆ ಬಾಯಲ್ಲಿ ಹೊಗೆ ಬರುತ್ತದೆ. ಆ ಚಳಿಯಲ್ಲಿ, ನಡುರಾತ್ರಿ ದಾಟಿದ ಮೇಲೆ, ಮಕ್ಕಳ ಕೈಗೆ ತಣ್ಣಗಿನ ಕಿತ್ತಳೆ ಬಣ್ಣದ ನೀರು ಕೊಟ್ಟೆವು. ಒಬ್ಬರು ಅಜ್ಜಿ ಒಂದು ಗುಟುಕು ಕುಡಿದು, "ಇದ್ನ ಒಸಿ ಬಿಸಿ ಮಾಡ್ಕೊಡೋಕಾಗಲ್ವಾ ಮಗಾ?" ಅಂದರು. ನಾವೆಲ್ಲ ನಕ್ಕೆವು. ಬೆಳಿಗ್ಗೆ ಅಂಗಳ ಗುಡಿಸುವಾಗ ಅರ್ಧ ಕುಡಿದು ಬಿಟ್ಟ ಪ್ಲಾಸ್ಟಿಕ್ ಲೋಟಗಳೇ ಹೆಚ್ಚು ಸಿಕ್ಕವು. ಆಗ ನಗು ಬರಲಿಲ್ಲ. ಬಾಟಲಿಯ ಮೇಲೆ ದೊಡ್ಡದಾಗಿ ಕಿತ್ತಳೆ ಹಣ್ಣಿನ ಚಿತ್ರವಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇದರಲ್ಲಿ ಹಣ್ಣು ಇಲ್ಲ ಎಂದು ಬರೆದಿತ್ತು.

ಆ ರಾತ್ರಿ ನಮ್ಮ ಕಾಡಂಚಿನಲ್ಲಿ ನೆಲ್ಲಿಮರಗಳು ಕಾಯಿ ತುಂಬಿಕೊಂಡು ನಿಂತಿದ್ದವು. ಬೆಟ್ಟದ ನೆಲ್ಲಿಗೆ ಇದೇ ಕಾಲ. ಶುಂಠಿ ಇಲ್ಲೇ ಸಿಗುತ್ತದೆ, ಬೆಲ್ಲ ಪ್ರತಿ ಮನೆಯಲ್ಲೂ ಇದೆ. ಆದರೂ ಹಣ್ಣಿಲ್ಲದ ಹಣ್ಣಿನ ನೀರಿಗೆ ದುಡ್ಡು ಕೊಟ್ಟು ಬಂದೆವು. ಯಾಕೆ? ಬಡತನಕ್ಕಲ್ಲ, ಸಮಯ ಇರಲಿಲ್ಲವೆಂದೂ ಅಲ್ಲ. ನಾಚಿಕೆಗೆ. ನಮ್ಮ ಬೆಟ್ಟದ ಕಾಯಿ ನಮ್ಮ ದೊಡ್ಡ ಹಬ್ಬಕ್ಕೆ ಸಾಲದು ಎನ್ನುವ ನಾಚಿಕೆ. ನಮ್ಮ ಜಗಳ ಇರುವುದು ಈ ನಾಚಿಕೆಯ ಜೊತೆ.

ಈ ಸಲ ನೆಲ್ಲಿ ಪಾನಕ ಕಾಯಿಸೋಣ ಎಂದಾಗ ಮೂರು ಆಕ್ಷೇಪ ಬಂದವು. ಮೂರಕ್ಕೂ ಉತ್ತರ ಹೇಳುತ್ತೇವೆ.

ಒಂದು: "ಪಾನಕ ರಾಮನವಮಿಯದು, ನಮ್ಮದಲ್ಲ." ಹೌದು, ರಾಮನವಮಿಗೆ ನಮ್ಮ ನೆರೆಯವರು ಪಾನಕ ಹಂಚುತ್ತಾರೆ, ನಾವೂ ಕೈಯೊಡ್ಡಿ ಕುಡಿದಿದ್ದೇವೆ. ಅಷ್ಟಕ್ಕೆ ಬೆಲ್ಲ, ಶುಂಠಿ, ಏಲಕ್ಕಿಗೆ ಜಾತಿಮತ ಬಂದುಬಿಟ್ಟಿತೇ? ಯೂರೋಪಿನವರು ಕ್ರಿಸ್ಮಸ್ಸಿಗೆ ಏನು ಕುಡಿಯುತ್ತಿದ್ದರು ನೋಡಿ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಸೇಬು, ಸಾಂಬಾರ ಹಾಕಿ ಬಿಸಿ ಮಾಡಿದ 'ವಾಸೈಲ್' ಎಂಬ ಪಾನೀಯವನ್ನು ಮನೆಮನೆಗೆ ಒಯ್ಯುತ್ತಿದ್ದರು. ಆ ಪದಕ್ಕೆ ಆರೋಗ್ಯವಾಗಿರಿ ಎಂದು ಅರ್ಥ. ತಮ್ಮ ತೋಟದ ಹಣ್ಣನ್ನೇ ಅವರು ಹಬ್ಬಕ್ಕೆ ಕಾಯಿಸಿದರು. ಯೂರೋಪಿನ ಅಂಥ ಪಾತ್ರೆಗಳಿಗೆ ಬಿದ್ದ ಮೆಣಸು, ಏಲಕ್ಕಿ ನಮ್ಮ ಪಶ್ಚಿಮ ಘಟ್ಟದಿಂದ, ಮಲಬಾರಿನ ಬಂದರುಗಳಿಂದ ಹಡಗು ಹತ್ತಿದವು. ನಮ್ಮ ಘಟ್ಟದ ಮೆಣಸು ಅವರ ಕ್ರಿಸ್ಮಸ್ಸಿಗೆ ಆಗುತ್ತದೆ, ನಮ್ಮ ಕ್ರಿಸ್ಮಸ್ಸಿಗೆ ಆಗುವುದಿಲ್ಲ ಅಂದರೆ ಇದೆಂಥ ನ್ಯಾಯ?

ಎರಡು: "ವೈನ್ ಇಲ್ಲದೆ ಕ್ರಿಸ್ಮಸ್ಸಾ? ಕಾನಾ ಊರಿನ ಮದುವೆಯಲ್ಲಿ ಯೇಸುವೇ ಕೊಡಲಿಲ್ಲವೇ?" ಮನೆಯಲ್ಲಿ ದ್ರಾಕ್ಷಿ ನೆನೆಹಾಕಿ ಒಂದು ಚಿಕ್ಕ ಲೋಟ ಕೊಡುವ ಅಮ್ಮಂದಿರ ಮೇಲೆ ನಮಗೆ ಕೋಪವಿಲ್ಲ. ನಾವು ಹೇಳುತ್ತಿರುವುದು ದೇವಾಲಯದ ಅಂಗಳದ ವಿಷಯ. ಅಲ್ಲಿ ಮಕ್ಕಳಿರುತ್ತಾರೆ. ವಾರದ ಕೂಲಿಯೆಲ್ಲ ಬ್ರಾಂದಿ ಅಂಗಡಿಗೆ ಹೋಗುವುದನ್ನು ನೋಡಿ ಸೋತ ತಾಯಂದಿರಿರುತ್ತಾರೆ. ಕಷ್ಟಪಟ್ಟು ಕುಡಿತ ಬಿಟ್ಟ ಅಣ್ಣಂದಿರೂ ಇರುತ್ತಾರೆ. ಅವರ ಎದುರು ಹಬ್ಬದ ಹೆಸರಲ್ಲಿ ಲೋಟ ಹಿಡಿದು ನಿಲ್ಲುವುದು ಪರಂಪರೆಯಲ್ಲ, ನೆಪ. ಚಳಿಗೆ ಒಳ್ಳೆಯದು ಎನ್ನುವ ಮಾತೂ ಸುಳ್ಳು. ಮದ್ಯ ಕುಡಿದಾಗ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಅದಕ್ಕೇ ಮೈ ಬಿಸಿಯಾದಂತೆ ಅನಿಸುತ್ತದೆ. ನಿಜದಲ್ಲಿ ದೇಹದ ಶಾಖ ಹೊರಗೆ ಹೋಗುತ್ತಿರುತ್ತದೆ. ಇನ್ನು ಕಾನಾ ಊರಿನ ಕಥೆಯನ್ನು ಪೂರ್ತಿ ಓದಿ. ಅಲ್ಲಿ ಆರು ಕಲ್ಲಿನ ಬಾನೆಗಳಿಗೆ ನೀರು ತುಂಬಿಸಿದ ಸೇವಕರಿದ್ದಾರೆ. ಅದ್ಭುತಕ್ಕೆ ಮುಂಚೆ ಯಾರೋ ನೀರು ಹೊರಬೇಕಾಯಿತು. ವೈನ್ ಬೇಕು ಅನ್ನುವವರು ಬಹಳ ಜನ, ನೀರು ಹೊರುತ್ತೇವೆ ಅನ್ನುವವರನ್ನು ನಾವಿನ್ನೂ ನೋಡಿಲ್ಲ.

ಮೂರು: "ಅಷ್ಟು ಜನಕ್ಕೆ ಯಾರು ಮಾಡುತ್ತಾರೆ?" ಇದೊಂದೇ ನಿಜವಾದ ಪ್ರಶ್ನೆ. ಲೆಕ್ಕ ಇಲ್ಲಿದೆ. ನೂರು ಜನಕ್ಕೆ ತಲಾ 150 ಮಿಲಿ ಅಂದರೆ 15 ಲೀಟರ್. ಅದಕ್ಕೆ 13 ಲೀಟರ್ ನೀರು, 3 ಕಿಲೋ ಬೆಟ್ಟದ ನೆಲ್ಲಿ, ಒಂದೂಕಾಲು ಕಿಲೋ ಬೆಲ್ಲ, ಕಾಲು ಕಿಲೋ ಹಸಿ ಶುಂಠಿ, 30 ಗ್ರಾಂ ಕಾಳುಮೆಣಸು, ಸ್ವಲ್ಪ ಚಕ್ಕೆ, ಲವಂಗ, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಬೆಲ್ಲ ಕರಗಿಸಿ ಸೋಸಿ, ಜಜ್ಜಿದ ಶುಂಠಿ ಮತ್ತು ಸಾಂಬಾರ ಹಾಕಿ ಇಪ್ಪತ್ತು ನಿಮಿಷ ಕುದಿಸಿ. ನೆಲ್ಲಿಯ ಬೀಜ ತೆಗೆದು ರುಬ್ಬಿ, ಬಟ್ಟೆಯಲ್ಲಿ ಹಿಂಡಿ ರಸ ಬೇರೆ ಇಟ್ಟುಕೊಳ್ಳಿ. ಈ ರಸವನ್ನು ಒಲೆಯ ಮೇಲೆ ಕುದಿಸಬೇಡಿ. ನೆಲ್ಲಿಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ, ಕುದಿಸಿದರೆ ಅದು ನಷ್ಟವಾಗುತ್ತದೆ. ಪಾತ್ರೆ ಇಳಿಸಿ, ಗುಟುಕರಿಸುವಷ್ಟು ಬಿಸಿ ಉಳಿದಾಗ ರಸ ಬೆರೆಸಿ. ಸ್ಟೀಲ್ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಂ ಅಥವಾ ಕಲಾಯಿ ಇಲ್ಲದ ಹಿತ್ತಾಳೆ ಬೇಡ, ನೆಲ್ಲಿಯ ಹುಳಿ ಲೋಹವನ್ನು ಕರಗಿಸುತ್ತದೆ.

ಬೆಲ್ಲ ಹಾಕಿದರೆ ಸಕ್ಕರೆ ಕಾಯಿಲೆಯವರಿಗೆ ತೊಂದರೆಯಿಲ್ಲ ಎಂದು ನಾವು ಹೇಳುವುದಿಲ್ಲ. ಬೆಲ್ಲವೂ ಸಕ್ಕರೆಯೇ. ಅವರಿಗೆ ಬೆಲ್ಲವಿಲ್ಲದ ಒಂದು ಚಿಕ್ಕ ಪಾತ್ರೆ ಬೇರೆ ಇರಲಿ. ಬಾಟಲಿಯಲ್ಲಿ ಈ ಆಯ್ಕೆ ಇಲ್ಲ, ಒಲೆಯಲ್ಲಿ ಇದೆ.

ಇನ್ನೊಂದು ಮಾತು, ನಮಗೆ ಇದೇ ಮುಖ್ಯ. ನೆಲ್ಲಿ ತರುವುದು ಯಾರಿಂದ? ಕಾಡಿನಿಂದ ನೆಲ್ಲಿ ಆರಿಸಿ ತರುವವರು ನಮ್ಮ ಸೋಲಿಗ, ಊರಾಳಿ ನೆರೆಯವರು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅವರಿಗೆ ಹಕ್ಕು ಕೊಟ್ಟಿದೆ. 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡಿಗೆ ನಾವು ಹುಡುಗರು ಬೈಕ್ ಹತ್ತಿ ನುಗ್ಗಿ ಕೊಂಬೆ ಮುರಿಯುವುದು ಬೇಡ. ಜಿಂಕೆಗಳೂ ಆ ಕಾಯಿ ತಿನ್ನುತ್ತವೆ, ಬೀಜ ಹರಡಿ ಮುಂದಿನ ಮರ ಹುಟ್ಟಿಸುವವು ಅವೇ. ಹಕ್ಕಿರುವವರ ಕೈಯಿಂದ, ಅವರು ಹೇಳಿದ ಬೆಲೆಗೆ, ಚೌಕಾಸಿ ಮಾಡದೆ ಕೊಳ್ಳೋಣ. ಬಾಟಲಿಗೆ ಅಚ್ಚಾದ ಬೆಲೆಯನ್ನು ತಲೆಬಾಗಿ ಕೊಡುತ್ತೇವೆ, ನೆಲ್ಲಿ ಮಂಕರಿ ಹೊತ್ತ ಅಕ್ಕನ ಹತ್ತಿರ ಮಾತ್ರ ಐದು ರೂಪಾಯಿಗೆ ವಾದ ಮಾಡುತ್ತೇವೆ. ಇದು ನಮ್ಮ ಪಾಪನಿವೇದನೆಯಲ್ಲಿ ಸೇರಬೇಕಾದ ಮಾತು. ಆಮೇಲೆ ಆ ಅಕ್ಕನನ್ನು, ಅವಳ ಮಕ್ಕಳನ್ನು ಹಬ್ಬಕ್ಕೆ ಕರೆಯೋಣ. ಆನೆಗಳ ಹಾದಿಯಲ್ಲಿ ರಾತ್ರಿ ಬರಲಾಗದವರಿಗೆ ಮರುದಿನ ಬೆಳಿಗ್ಗೆ ಮತ್ತೆ ಒಂದು ಪಾತ್ರೆ ಕಾಯಿಸಿ ಕೊಡೋಣ. ಬೆತ್ಲೆಹೇಮಿನ ಆ ರಾತ್ರಿ ಸುದ್ದಿ ಮೊದಲು ಮುಟ್ಟಿದ್ದು ಊರೊಳಗೆ ಬೆಚ್ಚಗೆ ಮಲಗಿದವರಿಗಲ್ಲ, ಹೊರಗೆ ಚಳಿಯಲ್ಲಿ ಕುರಿ ಕಾಯುತ್ತಿದ್ದವರಿಗೆ.

ಹಾಗಾಗಿ ಪಾಲನಾ ಸಮಿತಿಯ ಹಿರಿಯರಲ್ಲಿ ನಮ್ಮ ವಿನಂತಿ: ಈ ವರ್ಷ ಕೂಲ್ ಡ್ರಿಂಕ್ಸ್‌ಗೆ ದುಡ್ಡು ಕೊಡಬೇಡಿ. ಅದೇ ದುಡ್ಡಲ್ಲಿ ನೆಲ್ಲಿ, ಬೆಲ್ಲ ಕೊಳ್ಳೋಣ. ಲೋಟ ಪ್ರತಿಯೊಬ್ಬರೂ ಮನೆಯಿಂದ ತರಲಿ, ಮರುದಿನ ಗುಡಿಸುವ ಕೆಲಸವೂ ಕಮ್ಮಿಯಾಗುತ್ತದೆ. ರುಚಿ ಒಗರು ಅನ್ನುವವರು ಒಂದು ಗುಟುಕು ಕುಡಿದು ಆಮೇಲೆ ನೀರು ಕುಡಿಯಲಿ, ಸಿಹಿ ತಾನಾಗಿ ಬರುತ್ತದೆ. ನೆಲ್ಲಿಯ ಗುಣವೇ ಅದು.

ಆ ಅಜ್ಜಿಗೆ ನಾವು ಒಂದು ವರ್ಷದಿಂದ ಒಂದು ಬಿಸಿ ಲೋಟದ ಸಾಲಗಾರರು. ಸೌದೆ ನಮ್ಮ ಹೊಲದ ಬದುವಿನಿಂದ ನಾವೇ ತರುತ್ತೇವೆ. 24ರ ಸಂಜೆ ಐದು ಗಂಟೆಗೆ ದೇವಾಲಯದ ಹಿಂದೆ ಒಲೆ ಹೂಡುತ್ತೇವೆ. ನೆಲ್ಲಿ ಬಿಡಿಸಲು ಯಾರ್ಯಾರು ಬರುತ್ತೀರಿ? ಈ ಭಾನುವಾರ ಪೂಜೆ ಮುಗಿದ ಮೇಲೆ ಹೆಸರು ಕೊಡಿ.