ಟೊಂಕ ನೋವು: ಸಬ್ರ್ ಮಾಡಿ, ಆದರೆ ಚಿಕಿತ್ಸೆಯನ್ನೂ ಮಾಡಿ



ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಮನೆಗಳಲ್ಲಿ ಟೊಂಕ ನೋವಿನ ಮಾತು ಬರದ ದಿನವೇ ಅಪರೂಪ. ಬೆಟಗೇರಿಯ ಮಗ್ಗದ ಮನೆಗಳಲ್ಲಿ ತಾಸುಗಟ್ಟಲೆ ಕುಳಿತು ಕಂಡಿಕೆ ಸುತ್ತಬೇಕು. ಹೊಲಕ್ಕೆ ಹೋದರೆ ಕಸ ತೆಗೆಯುವುದು, ಉಳ್ಳಾಗಡ್ಡಿ ಕೀಳುವುದು, ಮೆಣಸಿನಕಾಯಿ ಬಿಡಿಸುವುದು ಎಲ್ಲವೂ ಬಗ್ಗಿ ಮಾಡುವ ಕೆಲಸವೇ. ನಲ್ಲಿಯಲ್ಲಿ ನೀರು ಬಂದ ದಿನ ಕೊಡ ಹೊತ್ತು ಹೊತ್ತು ಸಾಕಾಗುತ್ತದೆ. ಇದರ ಮೇಲೆ ಬಸಿರು, ಬಾಣಂತನ. ನೋವೆಂದು ಹೇಳಿದರೆ, "ಹೆಂಗಸರಿಗೆ ಇದೆಲ್ಲ ಇದ್ದದ್ದೇ, ಸಬ್ರ್ ಮಾಡು" ಎಂಬ ಉತ್ತರ ಸಿಗುತ್ತದೆ.

ಸಬ್ರ್ ದೊಡ್ಡ ಗುಣ, ನಿಜ. ಆದರೆ ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದವರಿಗೆ ಪ್ರವಾದಿ(ಸ)ರು ಪಡೆಯಿರಿ ಎಂದೇ ಹೇಳಿದರು. ಮುಪ್ಪೊಂದನ್ನು ಬಿಟ್ಟು ಪ್ರತಿ ರೋಗಕ್ಕೂ ಅಲ್ಲಾಹನು ಮದ್ದನ್ನು ಇಟ್ಟಿದ್ದಾನೆಂದು ತಿಳಿಸಿದರು. ಚಿಕಿತ್ಸೆ ಮಾಡಿಸಿಕೊಳ್ಳುವುದರಿಂದ ಸಬ್ರ್ ಕಡಿಮೆಯಾಗುವುದಿಲ್ಲ.

ನೋವು ಎಲ್ಲಿಂದ?

ಬೆನ್ನೆಲುಬಿನ ಬುಡದಲ್ಲಿ ತ್ರಿಕೋನಾಕಾರದ ಒಂದು ಎಲುಬಿದೆ. ಅದರ ಎರಡೂ ಬದಿಗೆ ಸೊಂಟದ ಎಲುಬುಗಳು ಕೂಡುತ್ತವೆ. ಈ ಕೀಲುಗಳನ್ನು ವೈದ್ಯರು ಎಸ್.ಐ. ಜಾಯಿಂಟ್ ಎನ್ನುತ್ತಾರೆ. ಗಟ್ಟಿಯಾದ ಕಟ್ಟುಗಳು ಬಿಗಿದಿರುವುದರಿಂದ ಇವು ಅಲುಗುವುದು ಕೆಲವೇ ಮಿಲಿಮೀಟರ್. ಬಸಿರಿನಲ್ಲಿ ಹಾರ್ಮೋನುಗಳಿಂದ ಆ ಕಟ್ಟುಗಳು ಸಡಿಲವಾಗುತ್ತವೆ, ಭಾರವೂ ಹೆಚ್ಚುತ್ತದೆ. ಐವರು ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಗೆ ಈ ಭಾಗದ ನೋವು ಬರುತ್ತದೆ. ಟೊಂಕದ ಕೆಳಗೆ, ಹೆಚ್ಚಾಗಿ ಒಂದು ಬದಿಗೆ ನೋವು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಸಲ್ವಾರ್ ಹಾಕಿಕೊಳ್ಳುವಾಗ ಚುಚ್ಚುತ್ತದೆ.

ಹೆರಿಗೆಯ ನಂತರ ಬಹಳ ಜನರಿಗೆ ಇದು ತಾನಾಗಿ ಇಳಿಯುತ್ತದೆ. ಕೆಲವರಿಗೆ ಉಳಿದುಬಿಡುತ್ತದೆ. ಇಡೀ ಬಾಣಂತನ ಮಲಗಿಯೇ ಕಳೆದರೆ ಹೊಟ್ಟೆ, ಸೊಂಟದ ಸ್ನಾಯುಗಳು ಇನ್ನಷ್ಟು ಸೋಲುತ್ತವೆ.

ಕೈಚಿಕಿತ್ಸೆ ಮತ್ತು ವ್ಯಾಯಾಮ

"ಎಲುಬು ಸರಿದಿದೆ, ಕೂಡಿಸಬೇಕು" ಎಂದು ತಿಕ್ಕುವವರ ಬಳಿ ಓಡುವವರಿದ್ದಾರೆ. ಒತ್ತಿದಾಗ 'ಟಕ್' ಎನ್ನುವುದು ಎಲುಬು ಕೂಡಿದ ಸದ್ದಲ್ಲ, ಕೀಲಿನ ದ್ರವದೊಳಗಿನ ಗಾಳಿಯದು. ತರಬೇತಿ ಪಡೆದ ಫಿಸಿಯೋಥೆರಪಿಸ್ಟರ ಕೈಚಿಕಿತ್ಸೆಯಿಂದ ನೋವು ತಗ್ಗುತ್ತದೆ, ಬಿಗಿತ ಸಡಿಲುತ್ತದೆ. ಆದರೆ ಆ ಹಗುರ ಹೆಚ್ಚು ದಿನ ನಿಲ್ಲದು. ಅದನ್ನು ನಿಲ್ಲಿಸುವುದು ನಿಮ್ಮದೇ ಸ್ನಾಯುಗಳ ಬಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ಟೊಂಕ ನೋವಿಗೆ ವ್ಯಾಯಾಮ, ತಿಳುವಳಿಕೆ, ಕೈಚಿಕಿತ್ಸೆಗಳನ್ನು ಹೇಳಿದೆ. ಸೊಂಟದ ಬೆಲ್ಟನ್ನು ಎಲ್ಲರಿಗೂ ಕಟ್ಟುವುದು ಬೇಡ ಎಂದಿದೆ.

ಮನೆಯಲ್ಲಿ ಹೀಗೆ ಮಾಡಿ:

1. ಅಂಗಾತ ಮಲಗಿ ಮೊಣಕಾಲು ಮಡಚಿ. ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದು ಟೊಂಕವನ್ನು ನೆಲಕ್ಕೆ ಒತ್ತಿ, 5 ಎಣಿಸಿ ಬಿಡಿ.

2. ಹಾಗೆಯೇ ಮಲಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು ಒತ್ತಿ, 5 ಎಣಿಸಿ.

3. ಪಾದ ಊರಿ ಸೊಂಟವನ್ನು ಮೇಲೆತ್ತಿ, 5 ಎಣಿಸಿ ಇಳಿಸಿ.

ಉಸಿರು ಬಿಗಿಹಿಡಿಯಬೇಡಿ. ಪ್ರತಿಯೊಂದನ್ನೂ ಐದರಿಂದ ಆರಂಭಿಸಿ ಹತ್ತಕ್ಕೆ ಏರಿಸಿ. ಜೊತೆಗೆ ದಿನವೂ ನಡೆಯಿರಿ. ನೋವು ಹೆಚ್ಚಾದರೆ ನಿಲ್ಲಿಸಿ. ಗರ್ಭಿಣಿಯರು, ಆಪರೇಶನ್ ಆದ ಬಾಣಂತಿಯರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮಗ್ಗುಲಾಗುವಾಗ ಎರಡೂ ಮೊಣಕಾಲು ಜೋಡಿಸಿ ಹೊರಳಿ. ಸಲ್ವಾರನ್ನು ಕುಳಿತು ಹಾಕಿಕೊಳ್ಳಿ. ದೊಡ್ಡ ಕೊಡದ ಬದಲು ಎರಡು ಕೈಗೆ ಎರಡು ಸಣ್ಣ ಬಿಂದಿಗೆ ಹಿಡಿಯಿರಿ.

ತಡಮಾಡಬಾರದ ಲಕ್ಷಣಗಳು

ತೊಡೆಸಂದು ಜೋಮು ಹಿಡಿಯುವುದು, ಮಲಮೂತ್ರದ ಹಿಡಿತ ತಪ್ಪುವುದು, ಕಾಲಿನ ಬಲ ಕುಂದುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಹೆಚ್ಚುವ ನೋವು ಬೆನ್ನೆಲುಬಿನ ಕ್ಷಯದ ಗುರುತೂ ಆಗಿರಬಹುದು. ಇಂಥವರ ಬೆನ್ನನ್ನು, ಎಲುಬು ಸವೆದ ಮುದುಕಿಯರ ಬೆನ್ನನ್ನು ಯಾರೂ ಜೋರಾಗಿ ಒತ್ತಬಾರದು. ಮೊದಲು ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ, ಅಗತ್ಯಬಿದ್ದರೆ ಗದಗದ ಜಿಮ್ಸ್‌ನ ಎಲುಬು-ಕೀಲು ವಿಭಾಗದಲ್ಲಿ ತೋರಿಸಿ. ಲೇಡಿ ಡಾಕ್ಟರ್, ಮಹಿಳಾ ಫಿಸಿಯೋಥೆರಪಿಸ್ಟ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅಗತ್ಯವಿದ್ದಷ್ಟು ಪುರುಷ ವೈದ್ಯರಿಗೆ ತೋರಿಸಲು ಉಲಮಾಗಳು ಅನುಮತಿ ನೀಡಿದ್ದಾರೆ. ಗಂಡನನ್ನೋ ತಾಯಿಯನ್ನೋ ಜೊತೆಗೆ ಕರೆದೊಯ್ಯಿರಿ. ನಾಚಿಕೆಯಿಂದ ರೋಗ ಮುಚ್ಚಿಡಬೇಡಿ.

ನಮಾಝಿನ ಬಗ್ಗೆಯೂ ಹಲವರು ಕೊರಗುತ್ತಾರೆ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ಮಾಡಲು ಪ್ರವಾದಿ(ಸ)ರು ತಿಳಿಸಿದ್ದು ಬುಖಾರಿಯಲ್ಲಿದೆ. ನಿಜವಾಗಿ ಆಗದವರಿಗೆ ಈ ರಿಯಾಯಿತಿ ಇದೆ. ಬಳಸಿಕೊಳ್ಳಲು ಸಂಕೋಚ ಬೇಡ.

ಅತ್ತೆಯಂದಿರೇ, ಸಹೋದರರೇ, ಸೊಸೆ ಹದಿನೈದು ನಿಮಿಷ ಬಾಗಿಲು ಹಾಕಿಕೊಂಡು ವ್ಯಾಯಾಮ ಮಾಡಿದರೆ ಸೋಮಾರಿ ಎನ್ನಬೇಡಿ. ಅಷ್ಟು ಹೊತ್ತು ಮಗುವನ್ನು ಎತ್ತಿಕೊಳ್ಳಿ, ಒಂದು ಕೊಡ ನೀರು ನೀವೇ ತನ್ನಿ. ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ.

ಅಲ್ಲಾಹನು ನೋವುಂಡವರೆಲ್ಲರಿಗೂ ಶಿಫಾ ದಯಪಾಲಿಸಲಿ. ಆಮೀನ್.